‘ಸ್ವಲ್ಪ ಸಹಿಸ್ಕೊಳ್ಳಿ’ ಅನ್ನುವ ಮೊದಲು ಹೇಳಬೇಕಾದ ಮಾತು

ಹಲ್ಲು ಕೀಳಿಸಲು ಹೋದರೆ ದಂತವೈದ್ಯರು ಮೊದಲು ಏನು ಮಾಡುತ್ತಾರೆ? ವಸಡಿಗೆ ಇಂಜೆಕ್ಷನ್ ಕೊಡುತ್ತಾರೆ. ‘ಜುಂ ಅಂತಿದೆಯಾ? ತುಟಿ ದಪ್ಪಗಾದ ಹಾಗನ್ನಿಸ್ತಿದೆಯಾ?’ ಎಂದು ಕೇಳಿ, ಹೂಂ ಅಂದ ಮೇಲಷ್ಟೇ ಇಕ್ಕಳ ಕೈಗೆತ್ತಿಕೊಳ್ಳುತ್ತಾರೆ. ಅಲ್ಲಿ ಇಂಜೆಕ್ಷನ್ ಬೇಕೋ ಬೇಡವೋ ಎಂಬ ಚರ್ಚೆಯೇ ಇಲ್ಲ.

ಅದೇ ಹೆಣ್ಣುಮಗಳು ವಂಕಿ ಹಾಕಿಸಿಕೊಳ್ಳಲು ಹೋಗಲಿ. ಗರ್ಭಕೋಶದ ಒಳಪದರದ ಚೂರು ತೆಗೆಸಿ ಪರೀಕ್ಷೆ ಮಾಡಿಸಲು ಹೋಗಲಿ. ಮಕ್ಕಳಾಗಲಿಲ್ಲವೆಂದು ಟ್ಯೂಬ್ ಟೆಸ್ಟ್‌ಗೆ ಹೋಗಲಿ. ಅಲ್ಲಿ ಕೇಳಿಬರುವ ಮಾತು ಒಂದೇ: ‘ಸ್ವಲ್ಪ ನೋಯುತ್ತೆ, ಸಹಿಸ್ಕೊಳ್ಳಿ ಅಮ್ಮ.’ ಕೂಗಿದರೆ, ‘ಇಷ್ಟಕ್ಕೇ ಹೀಗಾದ್ರೆ ಹೆರಿಗೆ ಹೇಗೆ ತಡ್ಕೊಂಡ್ರಿ?’ ನಮ್ಮಲ್ಲಿ ಎಷ್ಟು ಮಂದಿ ಈ ಮಾತು ಕೇಳಿಸಿಕೊಂಡು ಹಲ್ಲುಕಚ್ಚಿ ಮಲಗಿದ್ದೇವೆ, ಲೆಕ್ಕ ಇಟ್ಟವರಾರು?

ಈಗ ಆ ಲೆಕ್ಕ ಕೇಳುವ ಕಾಲ ಬಂದಿದೆ. ಇಂತಹ ಚಿಕಿತ್ಸೆಗಳಿಗೆ ಮುನ್ನ ಎಷ್ಟು ನೋವಾಗಬಹುದು, ಅದನ್ನು ತಗ್ಗಿಸಲು ಏನೇನು ದಾರಿಯಿದೆ ಎಂಬುದನ್ನು ಮಹಿಳೆಗೆ ಮೊದಲೇ ತಿಳಿಸಬೇಕು ಎಂದು ದೊಡ್ಡ ದೊಡ್ಡ ವೈದ್ಯಕೀಯ ಸಂಸ್ಥೆಗಳೇ ಒಂದರ ಹಿಂದೊಂದರಂತೆ ಹೇಳತೊಡಗಿವೆ. ಇದು ಪರದೇಶದ ಸುದ್ದಿ ಎಂದು ಪುಟ ತಿರುಗಿಸಬೇಡಿ. ಇದರಲ್ಲಿ ನಿಮಗೂ, ನಿಮ್ಮ ಮಗಳಿಗೂ, ಸೊಸೆಗೂ ಬೇಕಾದ ವಿಷಯವಿದೆ.

ಬಾಯಿಬಿಟ್ಟವರು ಮಹಿಳೆಯರೇ

2021ರಲ್ಲಿ ಬ್ರಿಟನ್ನಿನ ಬಿಬಿಸಿ ನಿರೂಪಕಿ ನಾಗಾ ಮುಂಚೆಟ್ಟಿ ತಮಗೆ ವಂಕಿ ಅಳವಡಿಸಿದಾಗ ಯಾವ ಅರಿವಳಿಕೆಯನ್ನೂ ಕೊಟ್ಟಿರಲಿಲ್ಲ, ನೋವಿಗೆ ಎರಡು ಸಲ ಪ್ರಜ್ಞೆ ತಪ್ಪಿತು ಎಂದು ರೇಡಿಯೊದಲ್ಲೇ ಹೇಳಿಕೊಂಡರು. ಅದನ್ನು ಕೇಳಿದ ಅನೇಕ ಮಹಿಳೆಯರು ‘ನಮಗೂ ಹೀಗೇ ಆಗಿತ್ತು’ ಎಂದು ದನಿಗೂಡಿಸಿದರು. ಗರ್ಭಕೋಶದೊಳಗೆ ಸಣ್ಣ ಕ್ಯಾಮೆರಾ ಇಳಿಸಿ ನೋಡುವ ಹಿಸ್ಟರೊಸ್ಕೊಪಿಯ ನೋವಿನ ವಿರುದ್ಧ ಆ ದೇಶದ ಮಹಿಳೆಯರು ಅದಕ್ಕೂ ಮೊದಲೇ ಸಂಘಟಿತರಾಗಿದ್ದರು. 2023ರಲ್ಲಿ ಅಲ್ಲಿನ ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರ ರಾಯಲ್ ಕಾಲೇಜು, ಹಿಸ್ಟರೊಸ್ಕೊಪಿಗೆ ಮುನ್ನ ನೋವು ಶಮನದ ಆಯ್ಕೆಗಳನ್ನು ಮಹಿಳೆಗೆ ವಿವರಿಸಬೇಕು, ಆಕೆ ನಿಲ್ಲಿಸಿ ಅಂದರೆ ನಿಲ್ಲಿಸಬೇಕು ಎಂದು ವೈದ್ಯರಿಗೆ ಬರಹದಲ್ಲೇ ತಿಳಿಹೇಳಿತು.

2024ರ ಆಗಸ್ಟ್‌ನಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿ, ವಂಕಿ ಅಳವಡಿಸುವ ಮುನ್ನ ಪ್ರತಿಯೊಬ್ಬ ಮಹಿಳೆಯೊಂದಿಗೂ ನೋವಿನ ಬಗ್ಗೆ ಮಾತಾಡಬೇಕು ಎಂದು ಸೂಚಿಸಿತು. 2025ರ ಮೇ ತಿಂಗಳಲ್ಲಿ ಅಲ್ಲಿನ ಸ್ತ್ರೀರೋಗ ತಜ್ಞರ ಸಂಘಟನೆ ಎಸಿಒಜಿ ಇನ್ನೂ ಮುಂದೆ ಹೋಯಿತು. ವಂಕಿ ಮಾತ್ರವಲ್ಲ, ಒಳಪದರದ ಬಯಾಪ್ಸಿ, ಹಿಸ್ಟರೊಸ್ಕೊಪಿ, ಗರ್ಭಕೋಶದ ಬಾಯಿಯ ಬಯಾಪ್ಸಿ ಹೀಗೆ ಕ್ಲಿನಿಕ್ಕಿನಲ್ಲೇ ಮುಗಿಸುವ ಕೆಲಸಗಳಿಗೂ ನೋವು ಶಮನದ ಆಯ್ಕೆ ನೀಡಬೇಕು ಎಂದಿತು.

ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ನೀವು ಕೇಳಬಹುದು. ಒಂದು ಕಾರಣ, ನೋವನ್ನು ಅಳೆದದ್ದು ಮಲಗಿದವರ ಕಡೆಯಿಂದಲ್ಲ, ನಿಂತವರ ಕಡೆಯಿಂದ. ವಂಕಿ ಅಳವಡಿಕೆಯ ಬಗ್ಗೆ 2014ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ನೋವಿಗೆ 100ಕ್ಕೆ ಇಷ್ಟು ಎಂದು ಅಂಕ ಕೊಡಲು ಹೇಳಿದ್ದರು. ಮಹಿಳೆಯರು ಸರಾಸರಿ ಸುಮಾರು 65 ಕೊಟ್ಟರೆ, ವಂಕಿ ಹಾಕಿದವರು ಅದೇ ನೋವಿಗೆ ಕೊಟ್ಟದ್ದು ಸುಮಾರು 35! ನಾವು ಅನುಭವಿಸಿದ್ದರ ಅರ್ಧದಷ್ಟು ಅವರ ಕಣ್ಣಿಗೆ ಬೀಳುವುದೇ ಇಲ್ಲ ಎಂದಾಯಿತು.

ಇದರ ಬೇರು ಇನ್ನೂ ಹಳೆಯದು. ಆಸ್ಪತ್ರೆಯಲ್ಲಿ ಒಳಪರೀಕ್ಷೆಗೆ ಬಳಸುವ ಸಿಮ್ಸ್ ಸ್ಪೆಕ್ಯುಲಮ್ ಎಂಬ ಸಾಧನವನ್ನು ನೀವೂ ನೋಡಿರುತ್ತೀರಿ. ಆ ಹೆಸರಿನ ಡಾ. ಮರಿಯನ್ ಸಿಮ್ಸ್ 1840ರ ದಶಕದಲ್ಲಿ ಅಮೆರಿಕದ ಅಲಬಾಮಾದಲ್ಲಿ ಕಪ್ಪು ಗುಲಾಮ ಹೆಣ್ಣುಮಕ್ಕಳ ಮೇಲೆ ಅರಿವಳಿಕೆಯಿಲ್ಲದೆ ಮತ್ತೆ ಮತ್ತೆ ಶಸ್ತ್ರಚಿಕಿತ್ಸೆ ಮಾಡಿ ತಮ್ಮ ವಿದ್ಯೆ ಬೆಳೆಸಿಕೊಂಡವರು. 2018ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ಬಳಿಯಿಂದ ಅವರ ಪ್ರತಿಮೆಯನ್ನು ತೆಗೆಸಲಾಯಿತು. ಪ್ರತಿಮೆಯೇನೋ ಹೋಯಿತು. ‘ಹೆಂಗಸರು ತಡ್ಕೋತಾರೆ ಬಿಡಿ’ ಅನ್ನುವ ಮಾತು ಮಾತ್ರ ಉಳಿದುಕೊಂಡಿದೆ.

ನಮ್ಮ ದೇಶದ ಕಥೆಯೇನು?

2022ರ ನವೆಂಬರ್‌ನಲ್ಲಿ ಬಿಹಾರದ ಖಗಡಿಯಾ ಜಿಲ್ಲೆಯಿಂದ ಬಂದ ಸುದ್ದಿ ನೆನಪಿದೆಯೇ? ಅಲ್ಲಿನ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆಗೆ ಬಂದಿದ್ದ ಇಪ್ಪತ್ತಕ್ಕೂ ಹೆಚ್ಚು ಮಹಿಳೆಯರು ತಮಗೆ ಅರಿವಳಿಕೆ ಕೊಡದೆಯೇ ಕೊಯ್ದರು ಎಂದು ದೂರಿದರು. ಕಿರುಚಿಕೊಂಡಾಗ ಕೈಕಾಲು ಹಿಡಿದುಕೊಂಡು ಆಪರೇಷನ್ ಮುಗಿಸಿದರು ಎಂಬ ಮಾತೂ ಬಂತು. ತನಿಖೆಗೆ ಆದೇಶವಾಯಿತು.

ಬಿಹಾರ ದೂರವಿರಬಹುದು, ಆಪರೇಷನ್ ದೂರವಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ವಿವಾಹಿತೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಗಂಡಸರ ಪಾಲು ಹುಡುಕಿದರೂ ಸಿಗದಷ್ಟು ಕಡಿಮೆ. ಅಂದರೆ ಕುಟುಂಬ ಯೋಜನೆಯ ಭಾರವನ್ನು ಹೊತ್ತಿರುವುದು ಹೆಣ್ಣಿನ ಹೊಟ್ಟೆಯೇ. ಆ ಹೊಟ್ಟೆಗೆ ಕತ್ತರಿ ಹಾಕುವ ಮುನ್ನ ಅದು ಮರಗಟ್ಟಿದೆಯೇ ಎಂದು ನೋಡಬೇಡವೇ?

ಈ ಆಪರೇಷನ್ನನ್ನು ಸಾಮಾನ್ಯವಾಗಿ ಆ ಜಾಗವನ್ನಷ್ಟೇ ಮರಗಟ್ಟಿಸುವ ಸ್ಥಳೀಯ ಅರಿವಳಿಕೆಯಲ್ಲಿ ಮಾಡುತ್ತಾರೆ. ಜೊತೆಗೆ ಮಂಪರು ಬರಿಸುವ ಮತ್ತು ನೋವು ತಗ್ಗಿಸುವ ಔಷಧಿ ಕೊಡುತ್ತಾರೆ. ಸ್ಥಳೀಯ ಅರಿವಳಿಕೆಗೆ ಬಳಸುವುದು ಲಿಗ್ನೊಕೇನ್, ದಂತವೈದ್ಯರು ಕೊಡುವ ಅದೇ ಔಷಧಿ. ನಮ್ಮ ದೇಶದ ಅತ್ಯಗತ್ಯ ಔಷಧಿಗಳ ಪಟ್ಟಿಯಲ್ಲಿ ಅದಿದೆ, ದುಬಾರಿಯೂ ಅಲ್ಲ. ಆದರೆ ಅದು ಕೆಲಸ ಮಾಡಲು ಕೆಲವು ನಿಮಿಷ ಬೇಕು. ಸಾಲಾಗಿ ಮಲಗಿಸಿ ಒಬ್ಬರಾದ ಮೇಲೊಬ್ಬರಿಗೆ ಅವಸರದಲ್ಲಿ ಮಾಡುವಾಗ ಮೊದಲು ಕೈಬಿಟ್ಟುಹೋಗುವುದೇ ಆ ನಿಮಿಷಗಳು. ಸಾಮೂಹಿಕ ಸಂತಾನಹರಣ ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸಿ ಎಂದು ಸುಪ್ರೀಂ ಕೋರ್ಟ್ 2016ರಲ್ಲೇ ದೇವಿಕಾ ಬಿಸ್ವಾಸ್ ಪ್ರಕರಣದಲ್ಲಿ ಹೇಳಿತ್ತು. ಅವಸರದಿಂದ ಆಗುವ ಅನಾಹುತ ನ್ಯಾಯಾಲಯಕ್ಕೂ ಗೊತ್ತಿತ್ತು.

ನೋವು ಬರುವುದು ಎಲ್ಲಿಂದ?

ಸ್ವಲ್ಪ ಶರೀರದ ವಿಷಯ ತಿಳಿದುಕೊಳ್ಳೋಣ. ಗರ್ಭಕೋಶದ ಬಾಯಿಗೆ ಒಂದು ಗುಂಪಿನ ನರಗಳು, ಗರ್ಭಕೋಶದ ಮೇಲ್ಭಾಗಕ್ಕೆ ಇನ್ನೊಂದು ಗುಂಪಿನ ನರಗಳು. ಬಾಯಿಯನ್ನು ಇಕ್ಕಳದಿಂದ ಹಿಡಿದಾಗ, ಹಿಗ್ಗಿಸಿದಾಗ ಚುಚ್ಚಿದಂಥ, ಎಳೆದಂಥ ನೋವು. ಒಳಗೆ ಸಾಧನ ತಾಗಿದಾಗ ಗರ್ಭಕೋಶ ಮುದುಡಿಕೊಂಡು ಮುಟ್ಟಿನ ಸೆಳೆತಕ್ಕಿಂತ ಜೋರಾದ ಕಿವುಚುವ ನೋವು. ಕೆಲವರಿಗೆ ಬೆವರಿ, ಕಣ್ಣು ಕತ್ತಲಿಟ್ಟು, ತಲೆ ಸುತ್ತುವುದೂ ಉಂಟು. ಇದು ನಾಟಕವಲ್ಲ. ಅಲ್ಲಿನ ನರಗಳು ಕೆಣಕಿದಾಗ ನಾಡಿಬಡಿತ, ರಕ್ತದೊತ್ತಡ ತಟ್ಟನೆ ಇಳಿಯುವುದರಿಂದ ಹಾಗಾಗುತ್ತದೆ.

ಹೀಗೆ ಎರಡು ಬಗೆಯ ನೋವಿರುವುದರಿಂದಲೇ ಒಂದೇ ಮದ್ದು ಎಲ್ಲಕ್ಕೂ ಸಾಲದು. ಬಾಯಿಯ ಸುತ್ತ ಕೊಡುವ ಲಿಗ್ನೊಕೇನ್ ಇಂಜೆಕ್ಷನ್ ಕೆಳಗಿನ ನೋವನ್ನು ಚೆನ್ನಾಗಿ ತಡೆಯುತ್ತದೆ. ಮೇಲಿನ ಸೆಳೆತಕ್ಕೆ ಐಬುಪ್ರೊಫೆನ್, ನ್ಯಾಪ್ರೊಕ್ಸೆನ್‌ನಂಥ ಮಾತ್ರೆಗಳು ಬೇಕಾಗಬಹುದು. ‘ಮನೆಯಿಂದ ಬರುವಾಗ ಒಂದು ಮಾತ್ರೆ ನುಂಗಿ ಬನ್ನಿ, ಸಾಕು’ ಎಂಬ ಸಲಹೆ ಎಲ್ಲರಿಗೂ ಸಾಲುವುದಿಲ್ಲ. ವಂಕಿ ಹಾಕುವ ಹೊತ್ತಿನ ನೋವಿಗೆ ಐಬುಪ್ರೊಫೆನ್‌ನಿಂದ ಹೆಚ್ಚಿನ ಉಪಯೋಗವಿಲ್ಲ, ಹಾಕಿದ ನಂತರದ ಸೆಳೆತಕ್ಕೆ ಅದು ಅನುಕೂಲ.

ಯಾವುದಕ್ಕೆ ಏನು?

*ವಂಕಿ ಅಥವಾ ಕಾಪರ್-ಟಿ:* ಸಹಜ ಹೆರಿಗೆಯಾದವರಿಗೆ ಎಷ್ಟೋ ಸಲ ಹೆಚ್ಚು ನೋವಾಗದು. ಹೆರಿಗೆಯಾಗದವರಿಗೆ, ಸಿಸೇರಿಯನ್ ಮಾತ್ರ ಆದವರಿಗೆ, ಮುಟ್ಟಿನಲ್ಲಿ ವಿಪರೀತ ನೋವು ಬರುವವರಿಗೆ ಜಾಸ್ತಿಯಾಗಬಹುದು. ಲಿಗ್ನೊಕೇನನ್ನು ಇಂಜೆಕ್ಷನ್, ಜೆಲ್, ಸ್ಪ್ರೇ ಯಾವ ರೂಪದಲ್ಲಾದರೂ ಕೇಳಬಹುದು. ಗರ್ಭಕೋಶದ ಬಾಯಿ ಮೆತ್ತಗಾಗಲೆಂದು ಮಿಸೊಪ್ರೊಸ್ಟಾಲ್ ಮಾತ್ರೆ ಕೊಡುವ ರೂಢಿ ಕೆಲವೆಡೆ ಇದೆ. ಎಲ್ಲರಿಗೂ ಅದನ್ನು ಕೊಡಬೇಕಿಲ್ಲ ಎನ್ನುತ್ತದೆ ಸಿಡಿಸಿ, ಅದರಿಂದಲೇ ಸೆಳೆತ ಬರಬಹುದು. ಹೆರಿಗೆಯಾದ ಕೂಡಲೇ ವಂಕಿ ಹಾಕಿಸಿಕೊಳ್ಳುವುದಾದರೆ ಒಪ್ಪಿಗೆಯ ಮಾತು ಗರ್ಭಿಣಿಯಾಗಿದ್ದಾಗಲೇ ಮುಗಿದಿರಬೇಕು. ಹೆರಿಗೆ ನೋವು ತಿನ್ನುತ್ತಿರುವಾಗ ಪಡೆದ ಸಹಿಗೆ ಏನರ್ಥ?

*ಒಳಪದರದ ಬಯಾಪ್ಸಿ, ಹಿಸ್ಟರೊಸ್ಕೊಪಿ:* ಮುಟ್ಟು ನಿಂತು ವರ್ಷ ಕಳೆದ ಮೇಲೆ ರಕ್ತ ಕಂಡರೆ ಈ ಪರೀಕ್ಷೆ ಬೇಕಾಗಬಹುದು, ತಪ್ಪಿಸಲೇಬೇಡಿ. ಆದರೆ ಆ ವಯಸ್ಸಿನಲ್ಲಿ ಒಳಗಿನ ಚರ್ಮ ಒಣಗಿ ತೆಳುವಾಗಿರುತ್ತದೆ, ನೋವು ಹೆಚ್ಚು. ಸ್ಥಳೀಯ ಅರಿವಳಿಕೆಯೋ, ಮಂಪರು ಬರಿಸುವ ಔಷಧಿಯೋ, ಪೂರ್ತಿ ಪ್ರಜ್ಞೆ ತಪ್ಪಿಸಿ ಮಾಡುವುದೋ ಎಂದು ಮೊದಲೇ ಕೇಳಿ.

*ಟ್ಯೂಬ್ ಟೆಸ್ಟ್ ಅಂದರೆ ಎಚ್‌ಎಸ್‌ಜಿ:* ಗರ್ಭನಾಳಗಳಿಗೆ ಬಣ್ಣದ ದ್ರವ ಹಾಯಿಸಿ ಎಕ್ಸ್-ರೇ ತೆಗೆಯುವುದು. ನಾಳ ಮುಚ್ಚಿಕೊಂಡಿದ್ದರೆ ನೋವು ಜಾಸ್ತಿ. ಅರ್ಧ-ಮುಕ್ಕಾಲು ಗಂಟೆ ಮೊದಲು ನೋವಿನ ಮಾತ್ರೆ ತೆಗೆದುಕೊಳ್ಳಬಹುದೇ, ಯಾವುದು ಎಂದು ವೈದ್ಯರನ್ನೇ ಕೇಳಿ.

*ಗರ್ಭಪಾತ, ಗರ್ಭಕೋಶ ಕ್ಲೀನ್ ಮಾಡಿಸುವುದು:* ವಿಶ್ವ ಆರೋಗ್ಯ ಸಂಸ್ಥೆಯ 2022ರ ಮಾರ್ಗಸೂಚಿಯ ಪ್ರಕಾರ ಗರ್ಭಪಾತದಲ್ಲಿ ನೋವಿನ ಔಷಧಿಯನ್ನು ಕೇಳುವವರೆಗೆ ಕಾಯದೆ ತಾವೇ ನೀಡಬೇಕು. 14 ವಾರದೊಳಗಿನ ಶಸ್ತ್ರಚಿಕಿತ್ಸೆಗೆ ಗರ್ಭಕೋಶದ ಬಾಯಿಯ ಸುತ್ತ ಮರಗಟ್ಟಿಸುವ ಇಂಜೆಕ್ಷನ್ ಕೊಡಬೇಕು. ‘ಆಗ ಗೊತ್ತಾಗ್ಲಿಲ್ವಾ, ಈಗ ಅನುಭವಿಸು’ ಎಂದು ಹುಡುಗಿಯರನ್ನು, ಅದರಲ್ಲೂ ಮದುವೆಯಾಗದವರನ್ನು ಹಂಗಿಸುವವರಿದ್ದಾರೆ. ನೋವು ಶಿಕ್ಷೆಯಲ್ಲ. ಗರ್ಭಪಾತದ ಕಾನೂನಿನಲ್ಲಿ ವಿವಾಹಿತೆ, ಅವಿವಾಹಿತೆ ಎಂಬ ಭೇದ ಸಲ್ಲದು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಸ್ಪಷ್ಟವಾಗಿ ಹೇಳಿದೆ.

*ಹೆರಿಗೆಯ ಹೊಲಿಗೆ:* ‘ಹೆತ್ತಿದ್ದೀಯ, ಹೊಲಿಗೆ ಏನ್ ಮಹಾ?’ ಎಂದು ಮರಗಟ್ಟಿಸದೆ ಸೂಜಿ ಹಾಕುವುದು ತಪ್ಪು. ಎಲ್ಲರಿಗೂ ವಾಡಿಕೆಯಂತೆ ಕೊಯ್ಯಬೇಕಿಲ್ಲ, ಕೊಯ್ಯುವುದೇ ಆದರೆ ತಾಯಿಯ ಒಪ್ಪಿಗೆ ಹಾಗೂ ಸ್ಥಳೀಯ ಅರಿವಳಿಕೆ ಬೇಕೇ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದೆ.

*ಪ್ಯಾಪ್ ಸ್ಮಿಯರ್:* ಇದಕ್ಕೆ ಅರಿವಳಿಕೆ ಬೇಕಿಲ್ಲ, ಹೆದರಬೇಡಿ. ಸ್ವಲ್ಪ ಮುಜುಗರ, ಸ್ವಲ್ಪ ಒತ್ತಿದಂತೆ ಅನ್ನಿಸಬಹುದು, ಒಂದೆರಡು ನಿಮಿಷದಲ್ಲಿ ಮುಗಿಯುತ್ತದೆ. ಚಿಕ್ಕ ಅಳತೆಯ ಸಾಧನ ಬಳಸಿ ಎಂದು ಕೇಳಬಹುದು.

ಕಾನೂನು ನಿಮ್ಮ ಕಡೆ ಇದೆ

ನಮ್ಮ ದೇಶದಲ್ಲಿ ರೋಗಿಯ ಒಪ್ಪಿಗೆಯ ಬಗ್ಗೆ ಬಹಳ ಮುಖ್ಯವಾದ ತೀರ್ಪು ಬಂದದ್ದು ಒಬ್ಬ ಮಹಿಳೆಯ ಗರ್ಭಕೋಶದ ವಿಷಯದಲ್ಲೇ. 44 ವರ್ಷದ ಅವಿವಾಹಿತೆಯೊಬ್ಬರು ವಿಪರೀತ ರಕ್ತಸ್ರಾವವೆಂದು ವೈದ್ಯರ ಬಳಿ ಹೋಗಿ, ಲ್ಯಾಪರೊಸ್ಕೊಪಿ ಪರೀಕ್ಷೆಗೆ ಒಪ್ಪಿ ಅರಿವಳಿಕೆ ತೆಗೆದುಕೊಂಡರು. ಪ್ರಜ್ಞೆ ಇಲ್ಲದಾಗ ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯಗಳನ್ನೇ ತೆಗೆಯಲಾಯಿತು! ಸಮೀರಾ ಕೊಹ್ಲಿ ಪ್ರಕರಣವೆಂದು ಹೆಸರಾದ ಇದರಲ್ಲಿ 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದಿಷ್ಟು: ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಒಪ್ಪಿಗೆಯಲ್ಲ. ಏನು ಮಾಡುತ್ತಾರೆ, ಯಾಕೆ, ಬೇರೆ ದಾರಿ ಏನು, ಮುಖ್ಯವಾದ ಅಪಾಯಗಳೇನು, ಬೇಡವೆಂದರೆ ಏನಾಗುತ್ತದೆ ಎಂಬುದನ್ನು ತಿಳಿಸಿದ ಮೇಲೆ ಕೊಟ್ಟದ್ದೇ ನಿಜವಾದ ಒಪ್ಪಿಗೆ. ಜೀವಕ್ಕೆ ಅಪಾಯವಿರುವ ತುರ್ತು ಸಂದರ್ಭ ಮಾತ್ರ ಇದಕ್ಕೆ ಹೊರತು.

ಈ ಪಟ್ಟಿಯಲ್ಲಿ ‘ನೋವು’ ಎಂಬ ಪದ ಪ್ರತ್ಯೇಕವಾಗಿ ಇಲ್ಲದಿರಬಹುದು. ಆದರೆ ಅರಿವಳಿಕೆ ಕೊಟ್ಟೂ ಮಾಡಬಹುದು, ಕೊಡದೆಯೂ ಮಾಡಬಹುದು ಎಂಬುದು ‘ಬೇರೆ ದಾರಿ’ಯಲ್ಲದೆ ಮತ್ತೇನು? ಅದನ್ನು ಹೇಳದೆ ಪಡೆದ ಸಹಿ ಅರ್ಧ ಒಪ್ಪಿಗೆ ಅಷ್ಟೇ. ಇನ್ನೊಂದು ಮಾತು. ಸಂತಾನಹರಣಕ್ಕಾಗಲಿ, 18 ದಾಟಿದವರ ಗರ್ಭಪಾತಕ್ಕಾಗಲಿ ಗಂಡನ ಅಥವಾ ಅತ್ತೆಯ ಒಪ್ಪಿಗೆ ಕಡ್ಡಾಯವಲ್ಲ. ಸಹಿ ಅಥವಾ ಹೆಬ್ಬೆಟ್ಟು ನಿಮ್ಮದೇ ಆಗಬೇಕು. ನಿಮಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳಿ ಎಂದು ಕೇಳುವ ಹಕ್ಕಿದೆ.

ವೈದ್ಯರ ಮಾತೂ ಕೇಳೋಣ

ಬೆಳಿಗ್ಗೆಯಿಂದ ನೂರು ರೋಗಿಗಳನ್ನು ನೋಡುವ ತಾಲ್ಲೂಕು ಆಸ್ಪತ್ರೆಯ ಡಾಕ್ಟರಮ್ಮನ ಕಷ್ಟವೂ ಸುಳ್ಳಲ್ಲ. ‘ನೋಯುತ್ತೆ ಅಂತ ಮೊದಲೇ ಹೇಳಿದರೆ ಹೆದರಿ ಎದ್ದು ಹೋಗ್ತಾರೆ’ ಅನ್ನುವವರಿದ್ದಾರೆ. ಬಾಯಿಯ ಸುತ್ತ ಕೊಡುವ ಇಂಜೆಕ್ಷನ್ನೂ ಚುಚ್ಚುವಾಗ ಉರಿಯುತ್ತದೆ, ಪ್ರಮಾಣ ತಪ್ಪಿದರೆ ತೊಂದರೆಯೂ ಇದೆ. ಪೂರ್ತಿ ಅರಿವಳಿಕೆಗೆ ಅದರದೇ ಅಪಾಯ, ಖರ್ಚು, ಅರಿವಳಿಕೆ ತಜ್ಞರ ಅಗತ್ಯ. ಎಲ್ಲವೂ ನಿಜ. ಹಾಗೆಂದು ಹೇಳದೇ ಇರುವುದು ಪರಿಹಾರವಲ್ಲ. ಇದನ್ನೆಲ್ಲ ಹೇಳಿ, ಬೇಕೋ ಬೇಡವೋ ಎಂಬ ತೀರ್ಮಾನವನ್ನು ಆಕೆಗೆ ಬಿಡಬೇಕು. ನೋವು ತಿಳಿದು ‘ಪರವಾಗಿಲ್ಲ, ಹಾಗೇ ಮಾಡಿ’ ಅನ್ನುವ ಗಟ್ಟಿಗಿತ್ತಿಯರೂ ಬೇಕಾದಷ್ಟು ಮಂದಿ ಇದ್ದಾರೆ.

ಹೇಳದೇ ಇರುವುದರ ನಷ್ಟ ದೊಡ್ಡದು. ಒಮ್ಮೆ ನರಳಿದವಳು ಎರಡನೇ ಸಲ ಆ ಬಾಗಿಲು ತುಳಿಯುವುದಿಲ್ಲ. ಅಷ್ಟೇ ಅಲ್ಲ, ಅಕ್ಕಪಕ್ಕದ ನಾಲ್ಕು ಮಂದಿಗೂ ‘ಅಲ್ಲಿಗೆ ಹೋಗ್ಬೇಡ್ರೇ’ ಅನ್ನುತ್ತಾಳೆ. ನಮ್ಮ ದೇಶದಲ್ಲಿ 2022ರಲ್ಲಿ ಗರ್ಭಕೋಶದ ಬಾಯಿಯ ಕ್ಯಾನ್ಸರಿಗೆ ಬಲಿಯಾದವರು ಸುಮಾರು 80 ಸಾವಿರ ಎಂಬುದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜು. ಮೊದಲೇ ಪರೀಕ್ಷಿಸಿದರೆ ತಡೆಯಬಹುದಾದ ಕಾಯಿಲೆ ಇದು. ಆದರೆ ಮೇಲೆ ಹೇಳಿದ ಅದೇ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 30ರಿಂದ 49 ವರ್ಷದವರಲ್ಲಿ ಈ ಪರೀಕ್ಷೆ ಮಾಡಿಸಿಕೊಂಡವರು ದೇಶದಲ್ಲಿ ನೂರಕ್ಕೆ ಇಬ್ಬರೂ ಇಲ್ಲ. ಅದಕ್ಕೆ ಕಾರಣ ಹಲವು ಇರಬಹುದು. ಅದರ ಜೊತೆ ಆಸ್ಪತ್ರೆಯ ಭಯವನ್ನೂ ಸೇರಿಸುವುದು ಬೇಡ.

ನೀವು ಕೇಳಬೇಕಾದದ್ದು

ಟೇಬಲ್ ಮೇಲೆ ಮಲಗಿದ ಮೇಲೆ ಮಾತು ಹೊರಡುವುದಿಲ್ಲ. ಆದ್ದರಿಂದ ದಿನ ಗೊತ್ತುಮಾಡುವಾಗಲೇ, ಕುರ್ಚಿಯ ಮೇಲೆ ಕುಳಿತಿರುವಾಗಲೇ ಕೇಳಿ. ಮರೆಯುವ ಹಾಗಿದ್ದರೆ ಚೀಟಿಯಲ್ಲಿ ಬರೆದುಕೊಂಡು ಹೋಗಿ:

1. ಡಾಕ್ಟ್ರೇ, ಇದರಲ್ಲಿ ಎಷ್ಟು ನೋವಾಗಬಹುದು? ಎಷ್ಟು ಹೊತ್ತು?
2. ಮರಗಟ್ಟಿಸೋ ಇಂಜೆಕ್ಷನ್ ಅಥವಾ ಜೆಲ್ ಕೊಡ್ತೀರಾ? ಇಲ್ಲಿ ಇಲ್ಲ ಅಂದ್ರೆ ಎಲ್ಲಿ ಸಿಗುತ್ತೆ?
3. ಮೊದಲೇ ಮಾತ್ರೆ ತಗೋಬೇಕಾ? ಯಾವುದು, ಎಷ್ಟು ಹೊತ್ತಿಗೆ?
4. ಮಂಪರಿನ ಔಷಧಿ ಕೊಟ್ಟರೆ ಹೊಟ್ಟೆ ಖಾಲಿ ಇರಬೇಕಾ? ಜೊತೆಗೆ ಯಾರನ್ನ ಕರ್ಕೊಂಡು ಬರಲಿ?
5. ತಡೆಯಕ್ಕಾಗದೆ ನಿಲ್ಲಿಸಿ ಅಂದ್ರೆ ನಿಲ್ಲಿಸ್ತೀರಲ್ವಾ?

ನೀವೂ ಕೆಲವು ವಿಷಯ ಮುಚ್ಚಿಡದೆ ಹೇಳಬೇಕು. ಹೊಟ್ಟೆಹುಣ್ಣು, ಆಸ್ತಮಾ, ಮೂತ್ರಪಿಂಡದ ತೊಂದರೆ ಇದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ, ಗರ್ಭಿಣಿಯಾಗಿರುವ ಸಾಧ್ಯತೆ ಇದ್ದರೆ ನೋವಿನ ಮಾತ್ರೆ ನೀವೇ ಮೆಡಿಕಲ್ ಶಾಪಿನಿಂದ ತಂದು ನುಂಗಬೇಡಿ. ಹಿಂದೆ ಹಲ್ಲಿನ ಇಂಜೆಕ್ಷನ್ ಕೊಟ್ಟಾಗ ಮೈ ದದ್ದರಿಸಿದ್ದರೆ, ಉಸಿರು ಕಟ್ಟಿದ್ದರೆ ಹೇಳಿ. ಹಿಂದಿನ ಸಲ ತುಂಬ ನೋವಾಗಿದ್ದರೆ, ಯಾರಿಂದಲಾದರೂ ದೌರ್ಜನ್ಯಕ್ಕೆ ಒಳಗಾಗಿ ಒಳಪರೀಕ್ಷೆಯೆಂದರೆ ನಡುಕ ಬರುವಂತಿದ್ದರೆ ಅದನ್ನೂ ಹೇಳಬಹುದು. ವಿವರ ಬೇಕಿಲ್ಲ, ‘ನನಗೆ ಭಯ, ನಿಧಾನ ಮಾಡಿ’ ಅಂದರೂ ಸಾಕು. ಗಂಡಸು ವೈದ್ಯರು ಪರೀಕ್ಷಿಸುವಾಗ ಜೊತೆಗೊಬ್ಬ ಹೆಂಗಸು ಇರಲಿ ಎಂದು ಕೇಳುವುದು ನಿಮ್ಮ ಹಕ್ಕು.

ಮನೆಗೆ ಬಂದ ಮೇಲೆ ಒಂದೆರಡು ದಿನ ಸಣ್ಣ ಸೆಳೆತ, ತುಸು ರಕ್ತ ಸಹಜ. ಜ್ವರ, ಕೆಟ್ಟ ವಾಸನೆಯ ಸ್ರಾವ, ಗಂಟೆಗೊಂದು ಪ್ಯಾಡ್ ತೋಯುವಷ್ಟು ರಕ್ತ, ದಿನದಿಂದ ದಿನಕ್ಕೆ ಏರುವ ಹೊಟ್ಟೆನೋವು ಕಂಡರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ.

ಕೇಳಿದ್ದಕ್ಕೆ ಗದರಿದರೆ? ತುರ್ತಿಲ್ಲದಿದ್ದರೆ ಇನ್ನೊಬ್ಬ ವೈದ್ಯರ ಬಳಿ ಹೋಗುವ ಸ್ವಾತಂತ್ರ್ಯ ನಿಮಗಿದೆ. ಅನ್ಯಾಯವೇ ಆಗಿದ್ದರೆ ದಾಖಲೆಯ ಪ್ರತಿ ಕೇಳಿ ಪಡೆದು ಆಸ್ಪತ್ರೆಯ ಮುಖ್ಯಸ್ಥರಿಗೆ ಬರಹದಲ್ಲಿ ಕೊಡಿ. ಖಾಸಗಿ ಆಸ್ಪತ್ರೆಯಾದರೆ ಜಿಲ್ಲಾ ಮಟ್ಟದ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರ ಇದೆ, ಗ್ರಾಹಕರ ಆಯೋಗವೂ ಇದೆ. ವೈದ್ಯರ ನಡತೆಯ ಬಗ್ಗೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರು ಕೊಡಬಹುದು.

ಕೊನೆಯದಾಗಿ ಹಿರಿಯ ಹೆಂಗಸರಲ್ಲಿ ಒಂದು ವಿನಂತಿ. ಮಗಳೋ ಸೊಸೆಯೋ ನೋವೆಂದಾಗ ‘ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು?’ ಎನ್ನಬೇಡಿ. ಇರಲಿಲ್ಲ, ನಿಜ. ನಿಮಗೆ ಯಾರೂ ಹೇಳಲೂ ಇಲ್ಲ, ಕೇಳಲೂ ಇಲ್ಲ. ಈ ಸಲ ಆಕೆಯ ಜೊತೆ ಆಸ್ಪತ್ರೆಗೆ ಹೋದಾಗ ಆಕೆಗೆ ಸಂಕೋಚವಾದರೆ ಆ ಚೀಟಿಯನ್ನು ನೀವೇ ತೆಗೆದು ಡಾಕ್ಟರ ಮುಂದಿಡಿ.